ಬಿಸಿ ಕೈಯವಳ ಕೊಕ್ಕೊ

ನನ್ನದು ಬಿಸಿ ಕೈ ಎಂದು ಮಂಡೆಕೋಲಿನ ಆ ಮನೆಯಲ್ಲಿ ತೀರ್ಮಾನವಾದದ್ದು ನಾನು ಮದುವೆಯಾಗಿ ಬಂದ ಮೊದಲ ವರ್ಷವೇ. ತೀರ್ಮಾನ ಮಾಡಿದವರು ನನ್ನ ಅತ್ತೆ. ಸಾಕ್ಷಿ ಎಂದರೆ ಒಂದು ಭರಣಿ ಮಾವಿನಮಿಡಿ ಉಪ್ಪಿನಕಾಯಿ. ಜೋರು ಮಳೆಯ ಆಟಿ ತಿಂಗಳಲ್ಲಿ ಒಂದು ದಿನ ನಾನು ಆ ಭರಣಿಯಿಂದ ನಾಲ್ಕು ಮಿಡಿ ತೆಗೆದಿದ್ದೆ. ಸ್ವಲ್ಪ ದಿನದಲ್ಲಿ ಮೇಲೆ ಬಿಳಿ ಕೆನೆ ಕಟ್ಟಿತು. ನನಗಿಂತ ಮೊದಲು ಯಾರು ತೆಗೆದಿದ್ದರು, ಮುಚ್ಚಳಕ್ಕೆ ಬಟ್ಟೆ ಕಟ್ಟಲು ಯಾರು ಮರೆತಿದ್ದರು ಎಂದು ಯಾರೂ ಕೇಳಲಿಲ್ಲ. ಹೊಸಬಳು ಒಬ್ಬಳು ಇರುವಾಗ ಅಷ್ಟೆಲ್ಲ ಕೇಳುವ ಅಗತ್ಯವೂ ಇರುವುದಿಲ್ಲ.

ಬಿಸಿ ಕೈ, ತಂಪು ಕೈ ಎಂದರೆ ಈಗಿನವರಿಗೆ ತಮಾಷೆ. ನಮಗೆ ಅದು ತಮಾಷೆಯಾಗಿರಲಿಲ್ಲ. ಬಿಸಿ ಕೈಯವಳು ಕಲಸಿಟ್ಟ ದೋಸೆ ಹಿಟ್ಟು ಬೆಳಗಾಗುವಷ್ಟರಲ್ಲಿ ಉಕ್ಕಿ ಪಾತ್ರೆಯಿಂದ ಹೊರಗೆ ಬರುತ್ತದೆ, ಹುಳಿ ನಾಲಿಗೆಗೆ ಹತ್ತುತ್ತದೆ. ಅವಳು ಹೆಪ್ಪು ಹಾಕಿದ ಮೊಸರು ಮಧ್ಯಾಹ್ನಕ್ಕೇ ಮಜ್ಜಿಗೆಗೂ ಆಗದಷ್ಟು ಹುಳಿ. ಉಪ್ಪಿನಕಾಯಿಯ ಹತ್ತಿರವಂತೂ ಅವಳು ಸುಳಿಯಲೇಬಾರದು. ತಂಪು ಕೈಯವಳು ಹಾಕಿದ ಮಿಡಿ ಮೂರು ಮಳೆಗಾಲ ಕಳೆದರೂ ಹಲ್ಲಿಗೆ ಕಟುಮ್ ಎನ್ನುತ್ತದೆ. ಅಂಥ ತಂಪು ಕೈ ಆ ಮನೆಯಲ್ಲಿ ಒಂದಿತ್ತು. ಅದು ಭಾವನ ಹೆಂಡತಿಯದು, ನನ್ನ ಓರಗಿತ್ತಿಯದು. ನಾನು ಅವಳನ್ನು ಅಕ್ಕ ಎಂದು ಕರೆಯುತ್ತಿದ್ದೆ.

ಅಕ್ಕ ಕೊಲ್ಲಮೊಗ್ರಿನ ಕಡೆಯವಳು. ನನಗಿಂತ ಸ್ವಲ್ಪವೇ ಮೊದಲು ಆ ಮನೆಗೆ ಬಂದವಳು. ಬಣ್ಣ ನನ್ನದೇ ಮೇಲು, ಕೂದಲು ನನ್ನದೇ ಉದ್ದ, ಇದನ್ನು ನಾನು ಈಗಲೂ ಹೇಳುತ್ತೇನೆ. ಆದರೆ ಆ ಮನೆಯಲ್ಲಿ ಬಣ್ಣವನ್ನೂ ಕೂದಲನ್ನೂ ನೋಡುವವರು ಯಾರಿದ್ದರು? ಎಲ್ಲರೂ ನೋಡುತ್ತಿದ್ದದ್ದು ಅವಳ ಕೈಯನ್ನು. ಅವಳು ನೆಟ್ಟ ಮಲ್ಲಿಗೆ ಚಿಗುರುತ್ತದೆ, ಅವಳು ಕೆಚ್ಚಲು ಮುಟ್ಟಿದರೆ ಒದೆಯುವ ದನವೂ ಸುಮ್ಮನೆ ನಿಲ್ಲುತ್ತದೆ, ಅವಳು ಕಲಸಿದ ಹಿಟ್ಟಿನ ದೋಸೆಗೆ ತೂತು ಬೀಳುವುದೇ ಬೇರೆ ಚೆಂದ. ನೆಂಟರು ಊಟಕ್ಕೆ ಕೂತಾಗ ಮಾವ ಪ್ರತಿ ಸಲವೂ, "ಇದು ನಮ್ಮ ದೊಡ್ಡ ಸೊಸೆಯ ಕೈಗುಣ" ಎನ್ನುತ್ತಿದ್ದರು. ನಾನು ಕಾಯಿ ತುರಿದು, ಮೆಣಸು ಹುರಿದು, ಅರೆದು ಕೊಟ್ಟ ಸಾಂಬಾರಿಗೂ ಉಪ್ಪು ಹಾಕಿದವಳು ಅಕ್ಕನಾದರೆ ಅದು ಅಕ್ಕನ ಕೈಗುಣವೇ. ಬಡಿಸುತ್ತ ನಿಂತ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೊಟ್ಟೆಕಿಚ್ಚು ಎಂದರೆ ಅದೇ, ಅದಕ್ಕೆ ಬೇರೆ ಚೆಂದದ ಹೆಸರು ಹುಡುಕುವ ಮನಸ್ಸು ನನಗಿಲ್ಲ.

ನನಗೆ ಬೇಕಾಗಿದ್ದದ್ದು ದೊಡ್ಡದೇನೂ ಅಲ್ಲ. ಆ ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆಯಲು ಅತ್ತೆ ಒಂದು ದಿನ ನನ್ನನ್ನು ಕರೆಯಬೇಕಿತ್ತು. ಅಷ್ಟೇ. ಆದರೆ ಪ್ರತಿ ಬೇಸಿಗೆಯಲ್ಲಿ ಮಿಡಿಗೆ ಖಾರ ಹಾಕುವ ಸಮಯ ಬಂದಾಗ ಅತ್ತೆ ಹೇಳುತ್ತಿದ್ದದ್ದು ಬೇರೆ ಮಾತು. "ಇವಳು ಇಲ್ಲಿ ಇದ್ದು ಎಂತ ಮಾಡುದು? ಹೋಗಿ ಅಮ್ಮನ ಮನೆಯಲ್ಲಿ ಒಂದು ತಿಂಗಳು ಇದ್ದು ಬರಲಿ."

ಹಾಗೆ ಪ್ರತಿ ಬೇಸಿಗೆ ನನ್ನನ್ನು ಉಪ್ಪಿನಂಗಡಿಯ ನನ್ನ ತವರಿಗೆ ಸಾಗಹಾಕುತ್ತಿದ್ದರು. ಭರಣಿಯಿಂದ ದೂರ ಇಡುವುದಕ್ಕೆ ಇಷ್ಟು ಉಪಾಯ! ನಾನು ಅಲ್ಲಿಗೆ ಹೋದ ದಿನವೇ ಅಮ್ಮನ ಮುಂದೆ ಕೂತು ಅಳುತ್ತಿದ್ದೆ. ಅಮ್ಮ, "ಅವರಿಗೆ ಎಂತ ಗೊತ್ತು, ನೀನು ಮೊದಲು ಊಟ ಮಾಡು" ಎನ್ನುತ್ತಿದ್ದಳು. ಮರುದಿನ ಬಿಸಿಲು ಏರುವವರೆಗೆ ಮಲಗುತ್ತಿದ್ದೆ. ಸಂಜೆ ತಂಗಿಯರೊಂದಿಗೆ ಹೊಳೆಗೆ ಹೋಗುತ್ತಿದ್ದೆ. ಬೇಸಿಗೆಯಲ್ಲಿ ಅಲ್ಲಿ ಎರಡು ಹೊಳೆಗಳೂ ಸಾಧುವಾಗಿ ಬಂದು ಸೇರುತ್ತವೆ, ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಹಲಸಿನಹಣ್ಣು, ಮಾವಿನಹಣ್ಣು, ಮಧ್ಯಾಹ್ನದ ನಿದ್ದೆ. ನಾನು ಅದನ್ನೆಲ್ಲ ಅವಮಾನದ ಲೆಕ್ಕಕ್ಕೇ ಸೇರಿಸಿದ್ದೆ. ನೀರಿನಲ್ಲಿ ಕೂತಾಗಲೂ ನನ್ನ ಕಣ್ಣ ಮುಂದೆ ಬರುತ್ತಿದ್ದದ್ದು ಅಲ್ಲಿ ಭರಣಿಯ ಮುಂದೆ ಕೂತ ಅಕ್ಕ.

ಹೀಗೆ ವರ್ಷಗಳು ಕಳೆದವು. ಅರವತ್ತರ ದಶಕದ ನಡುವಿನಲ್ಲಿ ಮಾವನ ತಂಗಿಯ ಗಂಡ ವಯನಾಡಿನಿಂದ ಬಂದರು. ಅವರಿಗೆ ಅಲ್ಲಿ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ. ಬರುವಾಗ ಬುಟ್ಟಿಯಲ್ಲಿ ಒಂದಷ್ಟು ಗಿಡ ತಂದಿದ್ದರು. ಕೊಕ್ಕೊ ಗಿಡವಂತೆ, ಅದರ ಬೀಜದಿಂದ ಚಾಕಲೇಟು ಮಾಡುತ್ತಾರಂತೆ, ಅಡಿಕೆ ಮರದ ನೆರಳಿದ್ದರೆ ಅದಕ್ಕೆ ಬೇರೇನೂ ಬೇಡವಂತೆ. ನಮ್ಮಲ್ಲಿ ಆಗ ಚಾಕಲೇಟು ಎಂದರೆ ಪುತ್ತೂರಿನ ಅಂಗಡಿಯ ಬಾಟಲಿಯಲ್ಲಿ ಕಾಣುವ ಬಣ್ಣದ ಪೆಪ್ಪರಮಿಂಟು. ಅದು ಮರದಲ್ಲಿ ಆಗುತ್ತದೆ ಎಂದಾಗ ಅತ್ತೆ ನಕ್ಕೇಬಿಟ್ಟರು.

ನಾನು ನಗಲಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು. ಅಡಿಕೆ, ಕಾಳುಮೆಣಸು, ಬಾಳೆ, ಎಲ್ಲದರ ಮೇಲೂ ಅಕ್ಕನ ಕೈಯ ಮುದ್ರೆ ಬಿದ್ದಾಗಿತ್ತು. ಇದೊಂದು ಯಾರಿಗೂ ಗೊತ್ತಿಲ್ಲದ ಬೆಳೆ. ಇದರ ಮುಂದೆ ಅವಳೂ ಒಂದೇ, ನಾನೂ ಒಂದೇ. ಆದರೆ ಗುಂಡಿ ತೋಡಿ ಮುಗಿಯುತ್ತಿದ್ದ ಹಾಗೆ ಅತ್ತೆ, "ಮೊದಲ ಗಿಡ ದೊಡ್ಡವಳೇ ನೆಡಲಿ" ಎಂದರು. ಅವಳು ನೆಟ್ಟಳು. ನಾನೂ ಕೆಲವು ನೆಟ್ಟೆ. ಆ ವರ್ಷ ಒಂದು ಗಿಡ ಸತ್ತಿತು. ಅದನ್ನು ಯಾರು ನೆಟ್ಟದ್ದು ಎಂದು ಯಾರಿಗೂ ನೆನಪಿರಲಿಲ್ಲ, ಆದರೂ ಎಲ್ಲರೂ ನನ್ನ ಮುಖ ನೋಡಿದರು.

ಮೂರ್ನಾಲ್ಕು ವರ್ಷಕ್ಕೆ ಕಾಯಿ ಬಂತು. ಹಲಸಿನ ಹಾಗೆ ಕಾಂಡಕ್ಕೇ ಅಂಟಿಕೊಂಡು ಬಿಡುವ ಕಾಯಿ. ಹಸಿರು ಹೋಗಿ ಹಳದಿಯಾದಾಗ ಮಾವ ಕೊಯ್ಯಿಸಿದರು. ಅದು ಚಾಲಿಯ ಕಾಲ. ಹಣ್ಣಡಿಕೆಯನ್ನು ಸಿಪ್ಪೆಯ ಸಮೇತ ಅಂಗಳದಲ್ಲಿ ಹರಡಿ, ತಿಂಗಳುಗಟ್ಟಲೆ ಒಣಗಿಸಿ, ಆಮೇಲೆ ಸುಲಿಯುವುದು ಚಾಲಿ. ಮಾವನ ಜನ್ಮವೆಲ್ಲ ಹೋದದ್ದು ಆ ಕೆಲಸದಲ್ಲೇ. ಅವರು ಕೊಕ್ಕೊ ಕಾಯಿಯನ್ನೂ ಇಡಿ ಇಡಿಯಾಗಿ ಅಡಿಕೆಯ ಪಕ್ಕದಲ್ಲೇ ಬಿಸಿಲಿಗೆ ಹಾಕಿಸಿದರು. "ಸಿಪ್ಪೆಯೊಳಗೇ ಒಣಗ್ಬೇಕು. ಒಣಗಿದ ಮೇಲೆ ಸುಲಿಯುದು. ಬೀಜ ಎಂದ ಮೇಲೆ ಎಲ್ಲವೂ ಹಾಗೇ" ಎಂದು ನಮಗೆ ಪಾಠವನ್ನೂ ಹೇಳಿದರು. ದಿನವೂ ಸಂಜೆ ಕಾಲಿನಿಂದ ಉರುಳಿಸಿ ಮಗ್ಗುಲು ಬದಲಿಸುತ್ತಿದ್ದರು. ಕಾಯಿ ಮೊದಲು ಕಪ್ಪಾಯಿತು, ಆಮೇಲೆ ಮೆತ್ತಗಾಯಿತು, ಆಮೇಲೆ ಇರುವೆ ಬಂತು. ಒಂದು ಬೆಳಿಗ್ಗೆ ಮಾವ ಉರುಳಿಸಲು ಹೋದಾಗ ಅವರ ಕಾಲೇ ಕಾಯಿಯೊಳಗೆ ಹೋಯಿತು. ಅದನ್ನೆಲ್ಲ ಗೊಬ್ಬರದ ಗುಂಡಿಗೆ ಹಾಕಿದರು. ಅದರ ಬಗ್ಗೆ ಮನೆಯಲ್ಲಿ ಯಾರೂ ತುಟಿಪಿಟಕ್ ಎನ್ನಲಿಲ್ಲ. ಅದೇ ನಾನು ಹಾಕಿದ್ದಾಗಿದ್ದರೆ ಊರಿಡೀ ಸುದ್ದಿಯಾಗುತ್ತಿತ್ತು.

ಮುಂದಿನ ಕೊಯ್ಲಿಗೆ ಕೆಲಸ ಅಕ್ಕನ ಪಾಲಿಗೆ ಬಂತು. ಅವಳು ಕಾಯಿ ಒಡೆಸಿದಳು. ಒಳಗೆ ಬಿಳಿ ತಿರುಳು ಮೆತ್ತಿಕೊಂಡ ಬೀಜ, ಬೆರಳಿಗೆ ಜಾರುವಂಥದ್ದು. ನಮ್ಮಲ್ಲಿ ಸೌತೆಯ ಬೀಜ ಇಡುವ ಕ್ರಮ ಒಂದಿದೆ. ಬೂದಿ ಹಾಕಿ ಉಜ್ಜಿ, ಲೋಳೆ ಹೋಗುವವರೆಗೆ ತೊಳೆದು, ಒಣಗಿಸುವುದು. ಅಕ್ಕ ಹಾಗೇ ಮಾಡಿದಳು. ತಿಕ್ಕಿ ತಿಕ್ಕಿ ತೊಳೆದು ಚಾಪೆಯ ಮೇಲೆ ಹರಡಿದಾಗ ಬೀಜ ಸಿಪ್ಪೆ ತೆಗೆದ ಬಾದಾಮಿಯ ಹಾಗೆ ಬೆಳ್ಳಗೆ ಚೆಂದ ಕಾಣುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಅತ್ತೆ ನೆರೆಮನೆಯವರನ್ನು ಕರೆದು ತೋರಿಸಿದರು.

ನನಗೆ ಬಿಟ್ಟದ್ದು ಕಡೆಗೆ ಉಳಿದ ಕಾಯಿ. ಅದನ್ನು ಒಡೆದು ಬೀಜ ತೆಗೆದಿಡು, ತೊಳೆಯುವುದು ನಾಳೆ ಅಕ್ಕನೇ ಮಾಡುತ್ತಾಳೆ ಎಂದು ಅತ್ತೆಯ ಅಪ್ಪಣೆ. ನಾನು ತೊಳೆಯಲೂ ಬಾರದು! ಒಡೆದೆ. ನೊಣ ಮುತ್ತುತ್ತಿತ್ತೆಂದು ಒಂದು ದೊಡ್ಡ ಬುಟ್ಟಿಗೆ ಬಾಳೆಲೆ ಹಾಸಿ, ತಿರುಳಿನ ಸಮೇತ ಎಲ್ಲವನ್ನೂ ಅದರಲ್ಲಿ ಸುರಿದು, ಮೇಲೆ ಮತ್ತೆ ಬಾಳೆಲೆ ಮುಚ್ಚಿ, ಅದರ ಮೇಲೆ ಗೋಣಿ ಹೊದೆಸಿ ದನದ ಹಟ್ಟಿಯ ಮೂಲೆಯಲ್ಲಿ ಇಟ್ಟೆ. ಮರುದಿನ ಅಕ್ಕನಿಗೆ ಜ್ವರ. ಅವಳು ಏಳುವವರೆಗೆ ಬುಟ್ಟಿ ಅಲ್ಲೇ ಕೂತಿತು. "ನಾನು ತೊಳೀಲಾ?" ಎಂದು ಕೇಳಿದೆ. ಅತ್ತೆ, "ನೀನು ಮುಟ್ಬೇಡ ಮಾರಾಯ್ತಿ, ಚೆಂದದ ಬೀಜ" ಎಂದರು.

ಮುಟ್ಟಬೇಡ ಎಂದರೆ ಮುಟ್ಟದೆ ಇರುವ ಜಾತಿ ನನ್ನದಲ್ಲ. ಹಾಲು ಕರೆಯಲು ಹೋದವಳು ಗೋಣಿ ಸರಿಸಿ ಬುಟ್ಟಿಯೊಳಗೆ ಕೈ ಹಾಕಿದೆ. ಕೈ ಸುಟ್ಟ ಹಾಗಾಯಿತು! ಬಚ್ಚಲಿನ ಹಂಡೆಯ ನೀರಿನಷ್ಟು ಬಿಸಿ. ಕಳ್ಳಿನ ವಾಸನೆ, ಹುಳಿ ಹುಳಿ. ಬೀಜದ ಬಿಳಿ ತಿರುಳು ಕರಗಿ ನೀರಾಗಿ ಬುಟ್ಟಿಯ ಕೆಳಗೆ ಇಳಿಯುತ್ತಿತ್ತು. ನನಗೆ ಅಳು ಬಂತು. ಅಂದರೆ ಅತ್ತೆ ಹೇಳಿದ್ದೇ ನಿಜವೆ? ನನ್ನ ಕೈ ತಾಗಿದರೆ ಸಾಕು, ಕಾಣದ ಊರಿನ ಬೀಜವೂ ಹುಳಿಯಾಗುತ್ತದೆಯೆ? ಸಿಟ್ಟಿನಲ್ಲಿ ಎಲ್ಲವನ್ನೂ ಮೇಲೆ ಕೆಳಗೆ ಮಾಡಿ ಕಲಕಿ ಮತ್ತೆ ಮುಚ್ಚಿದೆ. ಹಾಳಾದದ್ದು ಪೂರ್ತಿ ಹಾಳಾಗಲಿ ಎಂದು ಮರುದಿನವೂ ಕಲಕಿದೆ, ಅದರ ಮರುದಿನವೂ.

ಅಕ್ಕ ಎದ್ದು ಬರುವಷ್ಟರಲ್ಲಿ ಹಟ್ಟಿಯೆಲ್ಲ ಆ ವಾಸನೆ. ಅತ್ತೆ ಮೂಗಿಗೆ ಸೆರಗು ಹಿಡಿದುಕೊಂಡರು. "ನಾನು ಹೇಳಿದ್ದಲ್ವಾ? ಇವಳ ಕೈ ತಾಗಿಯೇ ಆದದ್ದು ಇದು" ಎಂದರು. ಬಿಸಾಡಬಾರದೆಂದು ನನಗೆ ಹಟ. ಮುಖ ಊದಿಸಿಕೊಂಡು ಬುಟ್ಟಿಯನ್ನು ಎಳೆದು ಅಂಗಳದ ಒಂದು ಮೂಲೆಯಲ್ಲಿ ಸುರಿದು ಒಣಗಲು ಬಿಟ್ಟೆ. ಒಣಗಿ ಕಂದು ಬಣ್ಣಕ್ಕೆ ಬಂತು. ಅಕ್ಕನ ಬಾದಾಮಿಯ ಪಕ್ಕದಲ್ಲಿ ಅದು ಹುರಿದ ಹುಣಸೆಬೀಜದ ಹಾಗೆ ಕಾಣುತ್ತಿತ್ತು.

ನಮ್ಮ ಮನೆಯ ಅಡಿಕೆ, ಕಾಳುಮೆಣಸು ಕೊಂಡುಹೋಗುತ್ತಿದ್ದವರು ಒಬ್ಬರು ಬ್ಯಾರಿ ವ್ಯಾಪಾರಿಗಳು. ಅವರಿಗೆ ಗಡಿಯ ಆಚೆ ಮಲಯಾಳದ ಕಡೆಯ ವ್ಯಾಪಾರವೂ ಇತ್ತು. ಕೊಕ್ಕೊ ಕೊಳ್ಳುವವರು ಅಲ್ಲಿದ್ದಾರೆಂದು ಅವರು ಎರಡೂ ಬಗೆಯ ಬೀಜವನ್ನು ಬೇರೆ ಬೇರೆ ಚೀಲದಲ್ಲಿ ಒಯ್ದರು. ಮುಂದಿನ ಸಲ ಬಂದವರು ಚಾವಡಿಯಲ್ಲಿ ಕೂತು ಎರಡೂ ಬೀಜವನ್ನು ಕಿಸೆಯಿಂದ ತೆಗೆದರು. ಮಾವನ ಎಲೆತಟ್ಟೆಯಿಂದ ಅಡಕತ್ತರಿ ಕೇಳಿ ಪಡೆದು ಅಕ್ಕನ ಬೀಜವನ್ನು ಕತ್ತರಿಸಿದರು. ಒಳಗೆ ಸ್ಲೇಟಿನ ಬಣ್ಣ. ನನ್ನದನ್ನು ಕತ್ತರಿಸಿದರು. ಕಂದು ಬಣ್ಣ, ಒಳಗೆ ಮಡಿಕೆ ಮಡಿಕೆ ಬಿರುಕು. ಅದರ ಪರಿಮಳ ಬಾಗಿಲ ಹಿಂದೆ ನಿಂತಿದ್ದ ನಮ್ಮವರೆಗೂ ಬಂತು.

"ಈ ಬಿಳಿದು ಅವ್ರಿಗೆ ಬೇಡವಂತೆ. ಇದನ್ನು ತೊಳೀಲಿಕ್ಕೇ ಇಲ್ಲವಂತೆ. ಎಲೆಯೊಳಗೆ ಮುಚ್ಚಿಟ್ಟು ಹುಳಿ ಬರಿಸ್ಬೇಕಂತೆ, ಬಿಸಿ ಏಳ್ಬೇಕಂತೆ. ಈ ಇನ್ನೊಂದು ಉಂಟಲ್ಲ, ಇದು ಎಷ್ಟು ಉಂಟೋ ಅಷ್ಟೂ ಬೇಕಂತೆ" ಎಂದರು ಬ್ಯಾರಿಗಳು. "ಇದು ಯಾರು ಮಾಡಿದ್ದು ಮಾರಾಯ್ರೆ?"

ನಾನು ಬಾಗಿಲಿಗೆ ಇನ್ನಷ್ಟು ಒತ್ತಿ ನಿಂತೆ. ಮಾವ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆಯನ್ನೂ ಎತ್ತದೆ ಹೇಳಿದರು, "ನಮ್ಮ ದೊಡ್ಡ ಸೊಸೆ. ಅವಳ ಕೈಗುಣವೇ ಹಾಗೆ."

ಆ ಕ್ಷಣ ಅಡಕತ್ತರಿ ನನ್ನ ಕೈಯಲ್ಲಿದ್ದಿದ್ದರೆ ಏನಾಗುತ್ತಿತ್ತೋ. ಮಾವನಿಗೆ ಮೋಸ ಮಾಡುವ ಬುದ್ಧಿಯೇನೂ ಇರಲಿಲ್ಲ, ಒಳ್ಳೆಯದಾದರೆ ಹೇಳುವ ಮಾತು ಅವರಿಗೆ ಬಾಯಿಪಾಠವಾಗಿತ್ತು, ಅಷ್ಟೇ. ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದಾಗ ಪಕ್ಕದಲ್ಲಿದ್ದ ಅಕ್ಕ ಹೊಸ್ತಿಲು ದಾಟಿ ಎದುರಿಗೇ ಹೋದಳು. "ಅಲ್ಲ ಮಾವ, ನಾನು ಮಾಡಿದ್ದು ಆ ಬಿಳಿದು. ಇದು ಅವಳು ಮಾಡಿದ್ದು. ಅವಳ ಕೈಯಲ್ಲಿ ಬಿಸಿ ಉಂಟು, ಇದಕ್ಕೆ ಅಂಥ ಕೈಯೇ ಆಗ್ಬೇಕು."

ಈಗ ನನ್ನ ಸರದಿ ಎಂದು ನಾನು ಸೆರಗು ಸರಿಮಾಡಿಕೊಂಡೆ. ಬ್ಯಾರಿಗಳು ಅಕ್ಕನನ್ನೇ ನೋಡುತ್ತ, "ಎಂಥ ದೊಡ್ಡ ಮನಸ್ಸು ನೋಡಿ!" ಎಂದರು. ಮಾವನ ಕಣ್ಣಿನಲ್ಲಿ ನೀರು. ಅತ್ತೆ ಹತ್ತಿರ ಬಂದು ಅಕ್ಕನ ತಲೆ ಸವರಿ, "ಬೇರೆ ಯಾರಾದ್ರೂ ಹೀಗೆ ಹೇಳ್ತಿದ್ರಾ?" ಎಂದು ನನ್ನನ್ನೇ ಕೇಳಿದರು. ಬೀಜ ನನ್ನದು, ಕೈ ನನ್ನದು, ಹೊಗಳಿಕೆ ಮಾತ್ರ ಮತ್ತೆ ಅವಳ ಮಡಿಲಿಗೆ ಬಿತ್ತು. ಆ ಸಂಜೆ ಬ್ಯಾರಿಗಳು ತಂದುಕೊಟ್ಟ ನಿಜವಾದ ಚಾಕಲೇಟಿನ ಕಟ್ಟನ್ನು ಬಿಚ್ಚಿದಾಗಲೂ ದೊಡ್ಡ ತುಂಡು ಅವಳಿಗೇ ಹೋಯಿತು. ನನಗೆ ಸಿಕ್ಕಿದ್ದು ಕಾಗದಕ್ಕೆ ಅಂಟಿದ ಮೂಲೆ. ರುಚಿ ಹೇಗಿತ್ತೆಂದು ಕೇಳಬೇಡಿ. ನನ್ನ ಬಾಯಿಗೆ ಆ ದಿನ ಏನೂ ರುಚಿಸುವ ಹಾಗಿರಲಿಲ್ಲ.

ಆದರೂ ಕೊಕ್ಕೊ ನನ್ನ ಕೈಗೆ ಬಂತು. ಮುಂದಿನ ಕೊಯ್ಲಿಗೆ ಹಟ್ಟಿಯ ಮೂಲೆಯಲ್ಲಿ ನನ್ನ ಬುಟ್ಟಿಗಳು ಸಾಲಾಗಿ ಕೂತವು. ಒಂದು ಸಂಜೆ ನಾನು ಹೋದಾಗ ಅಕ್ಕ ಅಲ್ಲಿದ್ದಳು. ಗೋಣಿ ಸರಿಸಿ, ಬಳೆಗಳನ್ನು ಮೊಣಕೈಗೆ ಏರಿಸಿಕೊಂಡು, ಬುಟ್ಟಿಯೊಳಗೆ ಕೈ ಇಳಿಸಿ ಕೂತಿದ್ದಳು. ನನ್ನನ್ನು ಕಂಡು ಬೆಚ್ಚಿ ಕೈ ತೆಗೆದಳು.

"ಎಂತ ಮಾಡುದು ಅಕ್ಕ?" ಎಂದೆ. ನನ್ನ ದನಿ ಒರಟಾಗಿಯೇ ಇತ್ತು. ಇದಕ್ಕೂ ಕೈ ಹಾಕಲು ಬಂದಳಲ್ಲ ಎಂದು ನನಗೆ.

"ಎಂತ ಇಲ್ಲ. ಬಿಸಿ ಹೇಗಿರ್ತದೆ ಅಂತ ನೋಡಿದ್ದು." ಅವಳು ಬೆರಳು ಮೂಸಿ ನೋಡಿಕೊಂಡಳು. "ನಿನ್ನ ಕೈಯ ಮೇಲೆ ನನಗೆ ಎಷ್ಟು ಹೊಟ್ಟೆಕಿಚ್ಚು ಗೊತ್ತುಂಟಾ?"

"ನನ್ನ ಕೈಯ ಮೇಲೆಯಾ?"

"ಮತ್ತೆ? ಹಿಟ್ಟಿಗೂ ನಾನೇ, ಮೊಸರಿಗೂ ನಾನೇ, ಮಿಡಿಗೂ ನಾನೇ. ಈ ಮನೆಗೆ ಬಂದ ಮೇಲೆ ನನ್ನ ಅಮ್ಮನ ಮನೆಯ ಹಲಸಿನಹಣ್ಣು ಒಂದು ಸಲವೂ ತಿಂದಿಲ್ಲ ನಾನು. ನೀನು ಪ್ರತಿ ವರ್ಷ ಹೋಗ್ತಿ. ನೀನು ಗಾಡಿ ಹತ್ತುದನ್ನು ನೋಡ್ಲಿಕ್ಕಾಗುದಿಲ್ಲ ಅಂತ ನಾನು ಅಡುಗೆಮನೆ ಬಿಟ್ಟು ಹೊರಗೆ ಬರುದೇ ಇಲ್ಲ."

ನನಗೆ ಪಾಪ ಎನಿಸಬೇಕಿತ್ತು. ಎನಿಸಲಿಲ್ಲ. ಹೊಗಳಿಕೆಯನ್ನೇ ದೂರಿನ ಹಾಗೆ ಹೇಳಿಕೊಳ್ಳುವ ಜಾಣತನ ಇವಳದ್ದು ಎಂದುಕೊಂಡೆ. ಆದರೆ ಅವಳ ಬಾಯಿಂದ ಹೊಟ್ಟೆಕಿಚ್ಚು ಎಂಬ ಮಾತು, ಅದೂ ನನ್ನ ಕೈಯ ಮೇಲೆ! ಇಷ್ಟು ವರ್ಷದಲ್ಲಿ ಯಾವ ಹಬ್ಬದಲ್ಲೂ ನನಗೆ ಅಷ್ಟು ಸಂತೋಷ ಆಗಿರಲಿಲ್ಲ. ಬುಟ್ಟಿಗೆ ಗೋಣಿ ಹೊದೆಸುವಾಗ ನಾನು ಸಣ್ಣಗೆ ಹಾಡಿಕೊಂಡೆ ಕೂಡ.

ಬೇಸಿಗೆ ಬಂತು. ಆ ವರ್ಷ ಮರಗಳಲ್ಲಿ ಎಲ್ಲಿಲ್ಲದ ಕಾಯಿ. ನಾನು ಎಂದಿನ ಹಾಗೆ ತವರಿಗೆ ಹೊರಡಲು ಪೆಟ್ಟಿಗೆ ಕೆಳಗಿಳಿಸಿದೆ. ಅತ್ತೆ ನೋಡಿ ಹೌಹಾರಿದರು. "ನೀನು ಹೋದ್ರೆ ಹೇಗೆ? ಕೊಕ್ಕೊ ಯಾರು ನೋಡುದು? ಅದಕ್ಕೆ ನಿನ್ನ ಕೈಯೇ ಆಗ್ಬೇಕಲ್ವಾ?"

ಆ ಮಾತಿಗೆ ನಾನು ಹಿಗ್ಗಿದೆ. ಪೆಟ್ಟಿಗೆಯನ್ನು ನಾನೇ ಮತ್ತೆ ಅಟ್ಟಕ್ಕೆ ಏರಿಸಿದೆ. ಅಕ್ಕ ತರಕಾರಿ ಹೆಚ್ಚುತ್ತಿದ್ದವಳು ಮೆಲ್ಲಗೆ ಕೇಳಿದಳು, "ಅತ್ತೆ, ಹಾಗಾದ್ರೆ ಈ ಸಲ ನಾನೊಮ್ಮೆ ಹೋಗಿ ಬರ್ಲಾ?"

"ಮಿಡಿಗೆ ಖಾರ ಹಾಕ್ಬೇಕಲ್ಲ?"

"ಅವಳು ಉಂಟಲ್ಲ."

"ಅವಳದ್ದು ಬಿಸಿ ಕೈ!"

"ಆ ಬಿಸಿ ಎಲ್ಲ ಈಗ ಕೊಕ್ಕೊ ಬುಟ್ಟಿಗೆ ಹೋಗ್ತದೆ ಅತ್ತೆ. ದಿನಾ ಅದರಲ್ಲೇ ಕೈ ಇಟ್ರೆ ಮತ್ತೆ ಉಪ್ಪಿನಕಾಯಿ ಹಾಳು ಮಾಡ್ಲಿಕ್ಕೆ ಬಿಸಿ ಎಲ್ಲಿ ಉಳೀತದೆ?" ಎಂದಳು ಅಕ್ಕ, ಬೆಂಡೆಕಾಯಿಯಿಂದ ಕಣ್ಣು ತೆಗೆಯದೆ. ಅತ್ತೆ ಯೋಚಿಸಿ ತಲೆ ಆಡಿಸಿದರು. ಅದೇ ಮಾತನ್ನು ನಾನು ಹೇಳಿದ್ದರೆ ಉಗಿಸಿಕೊಳ್ಳುತ್ತಿದ್ದೆ. ಅಕ್ಕ ಹೇಳಿದ್ದರಿಂದ ಅದು ಶಾಸ್ತ್ರವಾಯಿತು. ಚಾವಡಿಯಲ್ಲಿ ಅವಳು ಬ್ಯಾರಿಗಳ ಎದುರಿಗೇ ಹೋಗಿ ನನ್ನ ಕೈಯನ್ನು ಹೊಗಳಿದ್ದು ಯಾಕೆ ಎಂದು ನನಗೆ ಹೊಳೆದದ್ದು ಆಗ, ಅಟ್ಟದ ಏಣಿಯ ಬುಡದಲ್ಲಿ ನಿಂತಿದ್ದಾಗ. ಇಡೀ ಊರು ದೊಡ್ಡ ಮನಸ್ಸು ಎಂದದ್ದನ್ನು ನೆನೆದು ನನಗೆ ಸಿಟ್ಟು ತಲೆಗೇರಿತು. ಆದರೆ ಹೇಳುವುದು ಯಾರಿಗೆ?

ಅಕ್ಕನ ತಮ್ಮ ಬಂದು ಅವಳ ಟ್ರಂಕನ್ನು ತಲೆಯ ಮೇಲೆ ಇಟ್ಟುಕೊಂಡ. ನಾನು ಅಂಗಳದಲ್ಲಿ ಕೂತು ಕಾಯಿ ಒಡೆಯುತ್ತಿದ್ದೆ. ಮೊಣಕೈವರೆಗೆ ಲೋಳೆ, ಮುಖದ ಸುತ್ತ ನೊಣ. ಅವಳು ನನ್ನ ಹತ್ತಿರ ಬಂದು, "ಬರ್ತೇನೆ ಆಯ್ತಾ" ಎಂದಳು. ಹೊಸ ಸೀರೆ ಉಟ್ಟಿದ್ದಳು, ತಲೆಗೆ ಅವಳೇ ನೆಟ್ಟ ಮಲ್ಲಿಗೆ. ಅವಳ ಮುಖವನ್ನು ನಾನು ಅದುವರೆಗೆ ಹಾಗೆ ನೋಡಿರಲಿಲ್ಲ. ಶಾಲೆಗೆ ರಜೆ ಸಿಕ್ಕಿದ ಹುಡುಗಿಯ ಮುಖ.

ಅವರು ಗದ್ದೆಯಂಚಿನ ಹುಣಿಯಲ್ಲಿ ದೂರ ಹೋಗುತ್ತಿದ್ದಾಗ ಒಳಗಿಂದ ಅತ್ತೆ ನನ್ನ ಹೆಸರು ಹಿಡಿದು ಕರೆದರು. "ಕೈ ತೊಳ್ಕೊಂಡು ಬಾ. ಭರಣಿಯ ಮುಚ್ಚಳ ತೆಗೆ. ಇವತ್ತೇ ಮಿಡಿಗೆ ಖಾರ ಹಾಕಿ ಬಿಡುವ."

ಮದುವೆಯಾಗಿ ಬಂದಂದಿನಿಂದ ನಾನು ಕಾದಿದ್ದದ್ದು ಆ ಕರೆಗೆ. ಅತ್ತೆ ಇನ್ನೊಮ್ಮೆ ಕರೆದರು. ನಾನು ಏಳಲಿಲ್ಲ, ಗದ್ದೆಯ ಕಡೆಗೇ ನೋಡುತ್ತ ಕೂತೆ. ಉಪ್ಪಿನಂಗಡಿಯಲ್ಲಿ ಆ ಹೊತ್ತಿಗೆ ತಂಗಿಯರು ಹೊಳೆಗೆ ಹೊರಟಿರುತ್ತಾರೆ. ಅಕ್ಕ ತೋಡಿಗೆ ಅಡ್ಡ ಹಾಕಿದ ಅಡಿಕೆ ಮರದ ಸಂಕ ದಾಟುತ್ತಿದ್ದಳು. ಟ್ರಂಕು ತಮ್ಮನ ತಲೆಯ ಮೇಲಿತ್ತು. ಅವಳು ಎರಡೂ ಕೈಗಳನ್ನು ಬೀಸುತ್ತ ನಡೆಯುತ್ತಿದ್ದಳು, ಅವುಗಳಲ್ಲಿ ಏನೂ ಇರಲಿಲ್ಲ. ಅಷ್ಟು ಹೊಟ್ಟೆಕಿಚ್ಚು ನನಗೆ ಅವಳ ಮೇಲೆ ಅದಕ್ಕೆ ಮೊದಲು ಯಾವತ್ತೂ ಆಗಿರಲಿಲ್ಲ.